ನೆಲಜೇನಿನ ಶಿತಾಯೆ

ಬಯಲಲ್ಲಿ ಬೋರಲು ಮಲಗಿ ನೆಲಕ್ಕೆ ಕಿವಿ ಹಚ್ಚಿದ ಶಿತಾಯೆಯನ್ನು ಮೊದಲ ಸಲ ನೋಡಿದವರು, ಪಾಪ, ಹೆಂಗಸಿಗೆ ಮೂರ್ಛೆ ಬಂದಿದೆ ಎಂದು ಓಡಿ ಬರುತ್ತಾರೆ. ಓಡಿ ಬಂದವರಿಗೆ ಬೈಗುಳ ಖಾತ್ರಿ. "ಅಲ್ಲೇ ನಿಂತ್ಕೊಳ್ರೋ! ನೀವು ಹೀಗೆ ದಡಬಡ ಅಂತ ಬಂದ್ರೆ ನಂಗೇನು ಕೇಳುತ್ತೆ, ನಿಮ್ಮ ತಲೆ?" ಅವಳು ಕೇಳುತ್ತಿರುವುದು ನೆಲದೊಳಗಿನ ಜೇನಿನ ಗುಂಯ್ ಎನ್ನುವ ಸದ್ದನ್ನು. ಈ ನೆಲಜೇನು ಕುಟುಕುವುದಿಲ್ಲ. ನೊಣದಷ್ಟೇ ಇರುವ ಕರಿ ಹುಳ, ಬೆರಳು ತೂರದ ತೂತಿನಲ್ಲಿ ಇಳಿದು ಆಳದಲ್ಲಿ ಗೂಡು ಮಾಡುತ್ತದೆ. ಆ ತೂತಿಗೆ ಉದ್ದದ ಹುಲ್ಲುಕಡ್ಡಿ ಬಿಟ್ಟು, ಕಡ್ಡಿ ಹೋದ ದಾರಿ ಹಿಡಿದು ಅಗೆಯಬೇಕು. ಕಡ್ಡಿ ತಪ್ಪಿದರೆ ಗೂಡೂ ತಪ್ಪಿತು, ಬೆನ್ನು ಮುರಿದದ್ದಷ್ಟೇ ಲಾಭ.

ಗೊಂದರ್ ಪಟ್ಟಣದ ಸುತ್ತಲಿನ ನಮ್ಮ ಬೆಟ್ಟದ ಸೀಮೆಯಲ್ಲಿ ಇದು ಗಂಡಸರ ಕೆಲಸ. ಶಿತಾಯೆಯ ಅಪ್ಪನೂ ಅದನ್ನೇ ಮಾಡುತ್ತಿದ್ದ. ಅವನಿಗೆ ಬಹಳ ಕಾಲ ಗಂಡುಮಕ್ಕಳಿರಲಿಲ್ಲವಾಗಿ ಮಗಳ ಕೈಗೇ ಹಾರೆ ಕೊಟ್ಟ. ಕೊನೆಗೆ ಗಂಡು ಹುಟ್ಟಿತು, ಆದರೆ ಹೆತ್ತವಳು ಉಳಿಯಲಿಲ್ಲ. ಆ ಕೂಸು, ಬಿರಾರಾ, ಶಿತಾಯೆಯ ಬೆನ್ನ ಮೇಲೆಯೇ ಬೆಳೆಯಿತು. ಅವಳು ಗುಂಡಿ ತೋಡುವಾಗ ಬಟ್ಟೆಯಲ್ಲಿ ಕಟ್ಟಿಕೊಂಡ ಮಗು ಬೆನ್ನ ಮೇಲೆ ನಿದ್ದೆ ಮಾಡುತ್ತಿತ್ತು. ಮುಂದೆ ಅವಳಿಗೆ ಮದುವೆಯೂ ಆಯಿತು. "ನೆಲ ಅಗೆಯೋ ಹೆಂಡ್ತಿ ನಂಗೆ ಬೇಡ" ಎಂದ ಆ ಪುಣ್ಯಾತ್ಮ. "ಏನೂ ಅಗೆಯದ ಗಂಡ ನಂಗೂ ಬೇಡ" ಎಂದು ತಮ್ಮನ ಕೈ ಹಿಡಿದುಕೊಂಡು ವಾಪಸ್ಸು ಬಂದಳು. ಅಂದಿನಿಂದ ನನ್ನ ಪಕ್ಕದ ಮನೆ.

ಈಗ ಅವಳ ಬಾಗಿಲಿಗೆ ಜೇನು ಕೇಳಲು ಹೋಗಿ ನೋಡಿ. ಹೊಟ್ಟೆನೋವು ಎಂದವರನ್ನು ಮೊದಲು ಚಾಪೆಯ ಮೇಲೆ ಮಲಗಿಸಿ ಎಡಪಕ್ಕೆಯ ಕೆಳಗೆ ಒತ್ತುತ್ತಾಳೆ. "ಕೆಳಗಿನ ಸೀಮೆಗೆ ಹೋಗಿದ್ದೆಯಾ?" ಎಂದು ಕೇಳುತ್ತಾಳೆ. ಹೂಂ ಎಂದವರಿಗೆ ಒಂದು ತೊಟ್ಟೂ ಕೊಡುವುದಿಲ್ಲ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುತ್ತಾಳೆ. "ಹೇಗಿದ್ದೀಯ?" ಎಂಬುದಕ್ಕೆ "ದೇವರಿಗೆ ಸ್ತೋತ್ರ" ಎಂದು ಉತ್ತರ ಬಂದರೆ ಕೆರಳುತ್ತಾಳೆ. "ದೇವರ ಕ್ಷೇಮ ಅಲ್ಲ ಕೇಳಿದ್ದು, ನಿಂದು!" ಹೊಸಬರು ಗಾಬರಿಯಾಗುತ್ತಾರೆ. ಮೊದಲು ಅವಳು ಹೀಗಿರಲಿಲ್ಲ, ಅವಳನ್ನು ಹೀಗೆ ಮಾಡಿದವನು ಆ ಬಿರಾರಾನೇ.

ನಮ್ಮಲ್ಲಿ ಹಬ್ಬ ಎಂದರೆ ಹಸಿಮಾಂಸ. ಆಗ ತಾನೇ ಕಡಿದ ಎತ್ತಿನ ತೊಡೆಯಿಂದ ಕೊಯ್ದು, ಖಾರದ ಪುಡಿ ಅದ್ದಿ, ಇಂಜೆರಾ ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟರೆ ಬೇರೆ ಸ್ವರ್ಗ ಬೇಡ. ಅದರ ಬೆನ್ನಿಗೆ ಹೊಟ್ಟೆಯಲ್ಲಿ ಲಾಡಿಹುಳವೂ ಬರುತ್ತದೆ. ಅದಕ್ಕೆ ಕೊಸ್ಸೊ ಮರದ ಕೆಂಪು ಹೂವನ್ನು ಕುಟ್ಟಿ ಕುಡಿಯಬೇಕು. ಅದರ ಕಹಿ ನನ್ನ ಶತ್ರುವಿಗೂ ಬೇಡ. ಜೇನಿಲ್ಲದೆ ಗಂಟಲಿಗಿಳಿಯುವುದಿಲ್ಲ, ಇಳಿದರೂ ನಿಲ್ಲುವುದಿಲ್ಲ. ಹುಳ ಬಿದ್ದ ಮೇಲೆ ಸೋತ ಮೈಗೆ ಮತ್ತೆ ಜೇನು. ಕೊಸ್ಸೊ ಕುಡಿದವರು ಆ ದಿನ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಯಾರಾದರೂ ಬಂದರೆ ಮನೆಯವರು "ಕೊಸ್ಸೊ ಕುಡಿದಿದ್ದಾರೆ" ಎಂದರೆ ಸಾಕು, ಬಂದವರು ಯಾವ ದೊಡ್ಡ ಮನುಷ್ಯರಾದರೂ ಹಿಂದೆ ತಿರುಗಬೇಕು. ಮರ್ಯಾದಸ್ಥರು ಆ ಬಾಗಿಲನ್ನು ತಳ್ಳುವುದಿಲ್ಲ. ಸಾಲ ಕೇಳಲು ಬಂದವನಿಗೂ, ಬೇಡದ ಸಂಬಂಧ ತಂದವನಿಗೂ ನಾನೇ ಎಷ್ಟೋ ಸಲ ಈ ಮಾತು ಹೇಳಿ ಸಾಗಹಾಕಿದ್ದೇನೆ.

ಊರಲ್ಲಿ ಶಿತಾಯೆಯ ಜೇನಿಗೆ ದೊಡ್ಡ ಹೆಸರಿತ್ತು. ಹುಳಕ್ಕೆ, ಕೆಮ್ಮಿಗೆ, ಬಾಣಂತಿಗೆ, ಚಳಿಜ್ವರ ಬಿಟ್ಟ ಮೈಗೆ, ಎಲ್ಲಕ್ಕೂ ಅದೇ. ಜೇನು ಕೊಂಡವರು ದಾರಿಯಲ್ಲಿ ಸಿಕ್ಕರೆ ಅವಳು ಬಿಡುತ್ತಿರಲಿಲ್ಲ. "ಹೇಗಿದ್ದೀಯಪ್ಪ?" "ದೇವರಿಗೆ ಸ್ತೋತ್ರ, ಶಿತಾಯಕ್ಕ." ಅವಳ ಮುಖ ಅರಳುತ್ತಿತ್ತು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗುತ್ತಿದ್ದಳು. "ನೋಡಿದ್ಯಾ ತಿರುವರ್ಕ್? ನನ್ನ ಜೇನು ಇಳಿದ ಹೊಟ್ಟೇಲಿ ಯಾವ ಹುಳಾನೂ ನಿಲ್ಲಲ್ಲ."

"ಹೌದೌದು. ಸತ್ತೋರು ಎದ್ದು ಬಂದು ದೂರು ಹೇಳಲ್ವಲ್ಲ, ಅದಕ್ಕೇ ನಿನ್ನ ಹೆಸರು ಉಳಿದಿದೆ" ಎನ್ನುತ್ತಿದ್ದೆ ನಾನು.

"ನಿನ್ನ ಬಾಯಿಗೆ ಮಣ್ಣು ಹಾಕ!"

ನಾನು ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ನಿಜವಿತ್ತು. ಹೇಗಿದ್ದೀಯ ಎಂದರೆ ದೇವರಿಗೆ ಸ್ತೋತ್ರ ಎನ್ನದ ಮನುಷ್ಯ ನಮ್ಮಲ್ಲಿ ಹುಟ್ಟಿಲ್ಲ. ಮನೆ ಸುಟ್ಟಿರಲಿ, ಕಾಲು ಮುರಿದಿರಲಿ, ಮೊದಲು ಅದನ್ನು ಹೇಳಬೇಕು. ನನ್ನ ಅತ್ತೆ ಕೊನೆಯ ಗಳಿಗೆಯಲ್ಲಿ ಪಾದ್ರಿಯ ಮುಂದೆ "ಚೆನ್ನಾಗಿದೀನಿ, ದೇವರಿಗೆ ಸ್ತೋತ್ರ" ಎಂದರು. ನಾನು ಹುರಿಯುತ್ತಿದ್ದ ಕಾಫಿಬೀಜ ಕಪ್ಪಾಗುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ಬಿರಾರಾ ಬೆಳೆದು ಗಟ್ಟಿಮುಟ್ಟಾದ. ಜೇನಗೆತ ಅವನಿಗೆ ಹಿಡಿಸಲಿಲ್ಲ. ಎಲ್ಲ ಹುಡುಗರ ಹಾಗೆ ವರ್ಷವರ್ಷವೂ ಮೆತೆಮಾ ಕಡೆಯ ಬಿಸಿ ಸೀಮೆಗೆ ಎಳ್ಳಿನ ಕೂಲಿಗೆ ಇಳಿಯುತ್ತಿದ್ದ. ಆ ವರ್ಷ ಕುಯ್ಲು ಮುಗಿಸಿ ಬಂದವನ ಮುಖ ಇಳಿದಿತ್ತು. ಜ್ವರ ಬಂತು. ಚಿಕಿತ್ಸಾ ಕೇಂದ್ರದ ನರ್ಸ್ ಎಲ್ಫಿನೆಶ್ ಮಲೇರಿಯಾ ಇರಬಹುದೆಂದು ಮಾತ್ರೆ ಕೊಟ್ಟಳು. ಜ್ವರ ಕೆಲವು ದಿನ ಬಿಟ್ಟಂತೆ ಮಾಡಿ ಮತ್ತೆ ಬಂತು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಮುಂದೆ ಬಂತು. ಬೀದಿಯ ಪೋಕರಿಗಳು "ಏನೋ ಬಿರಾರಾ, ಎಷ್ಟು ತಿಂಗಳು?" ಎಂದು ರೇಗಿಸಿದರು. ಅವನೂ ನಕ್ಕ.

ಶಿತಾಯೆ ಒಂದೇ ಏಟಿಗೆ ತೀರ್ಪು ಕೊಟ್ಟಳು. "ಹುಳ. ಮೆಸ್ಕೆಲ್ ಹಬ್ಬದಲ್ಲಿ ಕಂಠಪೂರ್ತಿ ಹಸಿಮಾಂಸ ತಿಂದಿದ್ದಾನೆ. ತಿಂದಿದ್ದೆಲ್ಲ ಅದಕ್ಕೆ, ಇವನಿಗೇನು ಸಿಗುತ್ತೆ ಮಣ್ಣು?" ದಿನಾ ಬೆಳಗ್ಗೆ ಬೆಳ್ಳುಳ್ಳಿ ಜಜ್ಜಿ ನೆಲಜೇನಿನಲ್ಲಿ ಕಲಸಿ ತಿನ್ನಿಸಿದಳು. ಮಾರುವ ಜೇನೆಲ್ಲ ಅವನಿಗೇ ಹೋಯಿತು. ಮುಗಿದಾಗ ಕಣಿವೆಯ ಆಚೆ ದಡದವರೆಗೂ ಹೋಗಿ ಅಗೆದು ತಂದಳು. ಬೆರಳಿನ ಉಗುರುಗಳೆಲ್ಲ ಸೀಳಿದ್ದವು.

"ಹೇಗಿದ್ದೀಯೋ ಮರಿ?"

"ದೇವರಿಗೆ ಸ್ತೋತ್ರ ಅಕ್ಕಾ."

"ನಿನ್ನೆಗಿಂತ ವಾಸಿ ಅಲ್ವಾ?"

"ವಾಸಿ ಅಕ್ಕಾ. ತುಂಬಾ ವಾಸಿ."

ಅವಳು ಖುಷಿಯಾಗಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನನ್ನ ಕಣ್ಣಿಗೆ ವಾಸಿಯಾದದ್ದೇನೂ ಕಾಣಲಿಲ್ಲ. ಗೆನ್ನಾ ಹಬ್ಬಕ್ಕೆ, ಅಂದರೆ ನಮ್ಮ ಕ್ರಿಸ್‌ಮಸ್ಸಿಗೆ, ಉಪವಾಸವೆಲ್ಲ ಮುಗಿದು ಮಾಂಸದ ತಟ್ಟೆ ಮುಂದೆ ಬಂದಾಗ ಬಿರಾರಾ ಅದನ್ನು ಮೆಲ್ಲಗೆ ನನ್ನ ಕಡೆ ತಳ್ಳಿದ. ಆ ಹುಡುಗ ಮಾಂಸ ಬಿಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಲ್ಲಿಯ ಹತ್ತಿರ ಎಲ್ಫಿನೆಶ್ ಸಿಕ್ಕಿ, "ಶಿತಾಯಕ್ಕ, ಕೆಳಗಿನ ಸೀಮೆಗೆ ಹೋಗಿ ಬಂದೋರ ಹೊಟ್ಟೆ ಹೀಗಾದ್ರೆ ಅದು ಬೇರೆ ಕಾಯಿಲೆ ಇರಬಹುದು. ಗೊಂದರ್‌ಗೆ ಕರ್ಕೊಂಡು ಹೋಗಿ ರಕ್ತ ತೋರ್ಸಿ" ಎಂದಳು.

"ನಿನ್ನ ಮಾತ್ರೆ ಪ್ರಭಾವ ನೋಡಿದ್ದಾಯ್ತಲ್ಲಮ್ಮ. ನನ್ನ ತಮ್ಮನ್ನ ನಾನು ನೋಡ್ಕೋತೀನಿ. ಅವನೇ ಬಾಯಿಬಿಟ್ಟು ವಾಸಿ ಅಂತಿದ್ದಾನೆ, ನಿಂದೇನು ನಡುವೆ?"

ಆದರೂ ಆ ಮಾತು ಅವಳ ಮನಸ್ಸಿನಲ್ಲಿ ಕೊರೆದಿರಬೇಕು. ಮರುದಿನವೇ ಕೊಸ್ಸೊ ಕುಟ್ಟಿದಳು. ಆ ಕುಟ್ಟಾಣಿಯ ಸದ್ದು ನನ್ನ ಗೋಡೆಗೆ ಕೇಳುತ್ತಿತ್ತು. ನಾನು ಹೋಗಿ ವಿಚಾರಿಸಿದಾಗ ಬಾಗಿಲ ಸಂದಿಯಲ್ಲಿ ಮುಖ ತೋರಿಸಿ "ಕೊಸ್ಸೊ ಕುಡಿದಿದ್ದಾನೆ" ಎಂದಳು. ಸರಿ ಎಂದು ತಿರುಗಿದೆ. ಮಾರನೇ ದಿನ ಹೋದರೆ ಮತ್ತೆ ಅದೇ ಸಂದಿ, ಅದೇ ಮಾತು. ಕೊಸ್ಸೊ ಒಂದು ದಿನದ ಬಾಬತ್ತು. ಅದರ ಮಾರನೇ ದಿನವೂ ಅವಳ ಒಲೆಯ ಹೊಗೆ ಏಳಲಿಲ್ಲ, ಮತ್ತೆ ಕುಟ್ಟುವ ಸದ್ದು ಮಾತ್ರ ಕೇಳಿತು. ಎರಡು ಸಲ ಕುಡಿಸಿದರೆ ಎತ್ತೂ ಉಳಿಯುವುದಿಲ್ಲ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಬಾಗಿಲು ತೆಗಿಯೇ!"

"ಕೊಸ್ಸೊ ಕುಡಿ..."

"ಕುಡಿದ, ಕುಡಿದ! ಮೂರು ದಿನದಿಂದ ಏನು ಇಡೀ ಮರಾನೇ ಕುಡಿಸ್ತಿದ್ದೀಯಾ?" ಎಂದು ಭುಜ ಕೊಟ್ಟು ಬಾಗಿಲು ತಳ್ಳಿದೆ. ನಾನು ಗುಂಡಗಿರುವುದಕ್ಕೆ ಊರೆಲ್ಲ ನಗುತ್ತದೆ. ಅವತ್ತು ಅದು ಕೆಲಸಕ್ಕೆ ಬಂತು. ಬೀದಿಯ ಹೆಂಗಸರು ಬಾಯಿಮೇಲೆ ಕೈಯಿಟ್ಟುಕೊಂಡರು. ಇಟ್ಟುಕೊಳ್ಳಲಿ.

ಒಳಗೆ ಬಿರಾರಾ ಚರ್ಮದ ಹಾಸಿನ ಮೇಲೆ ಮುದುಡಿದ್ದ. ಮೂಗಿನಿಂದ ರಕ್ತ ಇಳಿದು ತುಟಿಯ ಮೇಲೆ ಒಣಗಿತ್ತು. ಶಿತಾಯೆ ಹಿತ್ತಲ ಬಾಗಿಲಲ್ಲಿ ಒಂದು ಬೋಗುಣಿ ಮುಂದಿಟ್ಟುಕೊಂಡು, ಕೈಯಲ್ಲಿ ಕಡ್ಡಿ ಹಿಡಿದು ಕೂತಿದ್ದಳು. ಬಿದ್ದ ಹುಳದ ತಲೆ ಹೊರಗೆ ಬಂದಿದೆಯೇ ಎಂದು ಹುಡುಕುವುದು ನಮ್ಮ ಪದ್ಧತಿ. ತಲೆ ಉಳಿದರೆ ಹುಳ ಮತ್ತೆ ಬೆಳೆಯುತ್ತದೆ.

"ಬಿತ್ತಾ?" ಎಂದೆ.

"ಇಲ್ಲ ಕಣೇ." ಅವಳು ತಲೆಯೆತ್ತಲಿಲ್ಲ. "ತಲೆ ಹಾಳಾಗ್ಲಿ, ಒಂದು ತುಣುಕೂ ಇಲ್ಲ. ನೀರೇ ನೀರು. ಎರಡನೇ ಸಲಾನೂ ಇಲ್ಲ. ಇನ್ನೊಂದು ಸಲ ಕುಟ್ಟಿದೀನಿ, ಕೊಡೋಕೆ ಕೈ ಬರ್ತಿಲ್ಲ." ಆಮೇಲೆ ನನ್ನನ್ನು ನೋಡಿ ಮಗುವಿನ ಹಾಗೆ ಕೇಳಿದಳು. "ಹುಳ ಇಲ್ಲ ಅಂದ್ರೆ ಈ ಹೊಟ್ಟೇಲಿ ಇರೋದೇನೇ, ತಿರುವರ್ಕ್?"

ನನಗೇನು ಗೊತ್ತು? ಕುಟ್ಟಿಟ್ಟ ಕೊಸ್ಸೊವನ್ನು ಹಿತ್ತಲಿಗೆ ಚೆಲ್ಲಿ ಎಲ್ಫಿನೆಶ್‌ಳನ್ನು ಕರೆತಂದೆ. ಆ ಹುಡುಗಿ ಹಳೆಯ ಮಾತು ಎತ್ತಲಿಲ್ಲ, ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ. ಬಿರಾರಾನ ಎಡಪಕ್ಕೆಯ ಕೆಳಗೆ ಕೈಯಿಟ್ಟು, ಶಿತಾಯೆಯ ಕೈಯನ್ನೂ ಎಳೆದು ಅಲ್ಲೇ ಇಟ್ಟಳು. "ಗಟ್ಟಿಯಾಗಿ ಸಿಗ್ತಿದ್ಯಾ? ಇದು ಕರುಳಲ್ಲ ಅಕ್ಕಾ, ಗುಲ್ಮ, ರಕ್ತ ಸೋಸೋ ಅಂಗ. ಇಷ್ಟು ದೊಡ್ಡದಾಗಿ ಊದಿಕೊಂಡಿದೆ. ಈಗ ಹೊರಡೋ ಬಸ್ಸಿಗೆ ಹತ್ತಿಸಿ."

ಬಸ್ಸಿನಲ್ಲಿ ಅವನನ್ನು ನಮ್ಮಿಬ್ಬರ ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿಕೊಂಡೆವು. ಅವನ ಭಾರ ಒಂದು ಕುರಿಯಷ್ಟೂ ಇರಲಿಲ್ಲ. ಶಿತಾಯೆ ದಾರಿಯುದ್ದಕ್ಕೂ ಜೇನಿನ ಗಡಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದನ್ನೇಕೆ ತಂದೆ ಎಂದು ಕೇಳುವಷ್ಟು ಕಟುಕಿ ನಾನಲ್ಲ.

ಗೊಂದರ್‌ನ ಆಸ್ಪತ್ರೆಯಲ್ಲಿ ಬೆರಳಿನಿಂದ ರಕ್ತ ತೆಗೆದು ನೋಡಿದರು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಮಂಚದ ಪಕ್ಕ ಕೂತು ಬಿರಾರಾನನ್ನೇ ಕೇಳಿದರು.

"ಹೊಲದಲ್ಲಿ ಎಲ್ಲಿ ಮಲಗ್ತಿದ್ರಿ?"

"ಜಾಲಿ ಮರದ ಕೆಳಗೆ. ಬಯಲಲ್ಲೇ."

"ಎರೆ ಭೂಮಿ, ಬಿರುಕು ಬಿಟ್ಟಿತ್ತಾ? ಸಣ್ಣ ಸಣ್ಣ ನೊಣ ಕಚ್ತಿತ್ತಾ?"

"ಹೂಂ. ಸಂಜೆಯಾದ್ರೆ ಸಾಕು."

"ಜೊತೇಲಿದ್ದೋರಿಗೆ ಯಾರಿಗಾದ್ರೂ ಹೀಗಾಗಿತ್ತಾ?"

ಬಿರಾರಾ ಅಕ್ಕನ ಕಡೆ ನೋಡಿದ. ಆಮೇಲೆ ಛಾವಣಿ ನೋಡಿದ. "ಇಬ್ಬರಿಗೆ. ಹೊಟ್ಟೆ ಹೀಗೇ ಆಗಿತ್ತು. ಒಬ್ಬ ಅಲ್ಲೇ ಹೋದ. ಇನ್ನೊಬ್ಬ ಊರಿಗೆ ಹೋಗಿ ಸತ್ತ ಅಂತ ಸುದ್ದಿ ಬಂತು."

ಶಿತಾಯೆ ನಿಧಾನವಾಗಿ ಗಡಿಗೆಯನ್ನು ನೆಲದ ಮೇಲಿಟ್ಟಳು. "ನಿಂಗೆ ಗೊತ್ತಿತ್ತಾ?"

ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

"ಮೊದಲಿಂದಲೂ ಗೊತ್ತಿತ್ತಾ? ದಿನಾ ಕೇಳ್ತಿದ್ದೆ, ಹೇಗಿದ್ದೀಯ ಅಂತ. ದಿನಾ! ವಾಸಿ ವಾಸಿ ಅಂದ್ಯಲ್ಲೋ!"

"ನೀನು ಅಷ್ಟು ದೂರ ಹೋಗಿ ಅಗೆದು ತರ್ತಿದ್ದೆ ಅಕ್ಕಾ. ಕೈಯೆಲ್ಲ ಒಡೆದುಹೋಗಿತ್ತು. ನನ್ನ ಬಾಯಿಗಿಟ್ಟು ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆ. ಏನಂತ ಹೇಳ್ಲಿ?"

ಫಟಾರೆಂದು ಕೆನ್ನೆಗೆ ಬಿಟ್ಟಳು. ಸಾಯಲು ಬಿದ್ದ ಹುಡುಗನಿಗೆ! ವಾರ್ಡಿನವರೆಲ್ಲ ಎದ್ದು ಕೂತರು. ನಾನು ಅವಳನ್ನು ಹಿಡಿದುಕೊಳ್ಳುವುದರೊಳಗೆ ಅವಳೇ ಮಂಚದ ಕಾಲ ಬಳಿ ಕುಸಿದು, ಅವನ ಪಾದಕ್ಕೆ ಹಣೆಯೊತ್ತಿ ಅಳತೊಡಗಿದಳು. "ನನ್ನ ಖುಷಿಗೆ ಸಾಯ್ತಿದ್ಯೇನೋ, ಮುಂಡೇದೆ? ನನ್ನ ಖುಷಿಗೆ?" ನನಗೂ ತಡೆಯಲಿಲ್ಲ. ಅವಳ ಜೊತೆ ನಾನೂ ಅತ್ತೆ.

ಡಾಕ್ಟರು ಅಳು ಇಳಿಯುವವರೆಗೆ ಕಾದರು. ಇದು ಆ ನೊಣ ಕಚ್ಚಿ ಬರುವ ಕಾಲಾ ಅಜರ್ ಎಂದರು. ತಡವಾಗಿದೆ, ಮೈಯಲ್ಲಿ ಏನೂ ಉಳಿದಿಲ್ಲ, ದಿನಾ ಸೂಜಿ ಹಾಕುತ್ತೇವೆ, ತಡೆದುಕೊಂಡರೆ ಬದುಕುತ್ತಾನೆ, ಮಾತು ಕೊಡಲಾರೆ ಎಂದರು. ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು.

ಶಿತಾಯೆ ಮೂಗೊರೆಸಿಕೊಂಡು ಗಡಿಗೆ ತೋರಿಸಿದಳು. "ಇದನ್ನ ಚೆಲ್ಲಿಬಿಡ್ಲಾ?"

"ಏನಿದು, ನೆಲಜೇನಾ? ಯಾಕಮ್ಮಾ ಚೆಲ್ತೀರಿ? ಗಂಟಲಲ್ಲಿ ಇಳಿದಷ್ಟು ತಿನ್ನಿಸಿ. ಕಾಯಿಲೆ ಜೊತೆ ಕಾದಾಡೋದು ಅವನ ಮೈಯಿ, ಅದಕ್ಕೆ ಬುತ್ತಿ ಬೇಕಲ್ಲ. ಆದ್ರೆ ಇದು ಬುತ್ತಿ ಅಷ್ಟೇ, ಕೋವಿ ಅಲ್ಲ. ಅವನ ರಕ್ತದಲ್ಲಿರೋದನ್ನ ಕೊಲ್ಲೋದು ಸೂಜಿ."

"ರಕ್ತದಲ್ಲಿರೋದು ಏನು?"

"ಒಂಥರಾ ಹುಳ ಅಂತಾನೇ ಅಂದ್ಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣದು."

"ಹುಳಾನೇ ತಾನೇ? ನಾನೂ ಹುಳ ಅಂತಾನೇ ಅಂದಿದ್ದು" ಎಂದು ನನ್ನ ಕಡೆ ತಿರುಗಿದಳು.

"ಸುಮ್ನಿರೇ ತಾಯಿ!" ಎಂದೆ.

ಸೂಜಿ ಶುರುವಾಯಿತು. ಶಿತಾಯೆ ಅವತ್ತೇ ಅವನಿಗೆ ಕಟ್ಟಪ್ಪಣೆ ಮಾಡಿದಳು. "ಇನ್ಮೇಲೆ ಹೇಗಿದ್ದೀಯ ಅಂದ್ರೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ದೇವರಿಗೆ ಸ್ತೋತ್ರ ಅಂದ್ಯೋ, ಇನ್ನೊಂದು ಕೆನ್ನೆ ಬಾಕಿಯಿದೆ." ದೇವರ ಹೆಸರೆತ್ತಿದರೆ ಹೊಡೆತ ಎಂದರೆ ಯಾವ ಧರ್ಮ ಎಂದು ಪಕ್ಕದ ಮಂಚದ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಿತು.

ನಿಜ ಕೇಳಿದವಳಿಗೆ ನಿಜವೇ ಸಿಕ್ಕಿತು. "ಸೂಜಿ ಹಾಕಿದ ಜಾಗ ಉರೀತಿದೆ." "ವಾಕರಿಕೆ ಬರ್ತಿದೆ, ಜೇನು ಬೇಡ." "ಕಣ್ಣು ಬಿಡೋಕಾಗ್ತಿಲ್ಲ." ಒಂದು ಬೆಳಗ್ಗೆ ಅವನು "ಅಕ್ಕಾ, ಇವತ್ತು ಹೋಗ್ಬಿಡ್ತೀನಿ ಅನ್ಸುತ್ತೆ" ಎಂದ. ಶಿತಾಯೆ ಸರಿ ಎಂಬಂತೆ ತಲೆಯಾಡಿಸಿ, ಎದ್ದು ಹೊರಗೆ ಹೋದಳು. ಹಿಂದೆಯೇ ಹೋದೆ. ಗೋಡೆಗೆ ಒರಗಿ, ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. "ಸುಳ್ಳೇ ಚೆನ್ನಾಗಿತ್ತು ಕಣೇ" ಎಂದಳು. ಆಮೇಲೆ ಮುಖ ತೊಳೆದುಕೊಂಡು ಒಳಗೆ ಹೋಗಿ, ಅದೇ ದನಿಯಲ್ಲಿ ಮತ್ತೆ ಕೇಳಿದಳು. "ಈಗ ಹೇಗಿದ್ದೀಯ?" ಅವನು ಹೇಳಿದ್ದನ್ನೆಲ್ಲ ನರ್ಸಿಗೆ ಹೋಗಿ ಹೇಳಿದಳು. ಅವರು ಬಂದು ನೋಡಿ ಕೈಗೆ ಗ್ಲೂಕೋಸ್ ಹಾಕಿದರು. ಆ ದಿನ ದಾಟಿತು.

ನನಗೆ ಮನೆಯಿತ್ತು, ಗಂಡ ಇದ್ದ, ನಾನು ಮಾಡಿ ಮಾರುವ ಹೆಂಡದ ಮಡಕೆಗಳಿದ್ದವು. ಊರಿಗೆ ಬಂದು ಮುಂದಿನ ಸಂತೆಯ ದಿನ ರೊಟ್ಟಿ, ಕಡಲೆಹಿಟ್ಟಿನ ಸಾರು ಕಟ್ಟಿಕೊಂಡು ಮತ್ತೆ ಬಸ್ಸು ಹತ್ತಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಟ್ಟೆ. ಆ ಮಂಚ ಖಾಲಿಯಿದ್ದರೆ? ಕಣ್ಣು ಮುಚ್ಚಿಕೊಂಡೇ ವಾರ್ಡಿಗೆ ನುಗ್ಗಿದೆ.

ಬಿರಾರಾ ದಿಂಬಿಗೆ ಒರಗಿ ಕೂತಿದ್ದ. ಮೈಯಲ್ಲಿ ಮೂಳೆಯೇ ಮೂಳೆ, ಆದರೆ ಕಣ್ಣು ಅವನದೇ ಕಣ್ಣು. ಶಿತಾಯೆ ಚಮಚದಲ್ಲಿ ಜೇನು ಹಿಡಿದು ಅವನ ಮುಂದೆ ನಿಂತಿದ್ದಳು.

"ಹೇಗಿದ್ದೀಯೋ ಮಗಾ?" ಎಂದೆ ನಾನು.

ಹುಟ್ಟಿದ ಅಭ್ಯಾಸ ಎಲ್ಲಿ ಹೋಗುತ್ತದೆ? "ದೇವರಿ..." ಎಂದು ಬಾಯಿ ತೆರೆದವನು ಅಕ್ಕನ ಕೈ ನೋಡಿ ನುಂಗಿಕೊಂಡ. ಸ್ವಲ್ಪ ಹೊತ್ತು ಯೋಚಿಸಿದ, ನಿಜವಾಗಿಯೂ ತನ್ನೊಳಗೆ ಹುಡುಕುವವನ ಹಾಗೆ.

"ಹಸಿವಾಗ್ತಿದೆ" ಎಂದ.

ಶಿತಾಯೆಯ ಕೈಯಿಂದ ಚಮಚ ಬಿತ್ತು. ಎಷ್ಟು ತಿಂಗಳಾಗಿತ್ತೋ ಆ ಮಾತು ಕೇಳಿ. "ಏನು ಬೇಕೋ? ಏನು ತರ್ಲಿ? ರೊಟ್ಟಿ ಇದೆ, ಸಾರಿದೆ, ಇವಳು ತಂದಿದ್ದಾಳೆ, ಮೊಟ್ಟೆ ಬೇಯಿಸ್ಕೊಂಡು ಬರ್ಲಾ?"

"ಹಸಿಮಾಂಸ."

"ಥೂ ನಿನ್ನ! ಮತ್ತೆ ಹುಳ ಆಗುತ್ತೆ ಕಣೋ!"

"ಆಗ್ಲಿ ಬಿಡಕ್ಕಾ" ಎಂದ ಬಿರಾರಾ. "ಆ ಹುಳಕ್ಕೆ ನಿನ್ನ ಹತ್ರ ಮದ್ದಿದೆಯಲ್ಲ."

ಅವಳು ಹೊಡೆಯಲು ಕೈಯೆತ್ತಿದಳು. ಎತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟು, ಬೈಯುತ್ತ, ಅಳುತ್ತ, ನನ್ನನ್ನು ನೋಡಿ "ದೇವರಿಗೆ ಸ್ತೋತ್ರ ಕಣೇ ತಿರುವರ್ಕ್" ಎಂದಳು. ನಾನು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅವನ ಬಾಯಿಗಿಟ್ಟೆ.